ಪಾಠ ಮಾಡಿದವರೇ ಪ್ರಶ್ನೆಪತ್ರಿಕೆ ಬರೆದರೆ

ಅಮೆರಿಕದ ಕನ್ನಡಿಗರ ಮನೆಯಲ್ಲಿ ಮಗ ಅಥವಾ ಮಗಳು ಹನ್ನೆರಡನೇ ಕ್ಲಾಸಿಗೆ ಬಂದರೆ ಒಂದು ಚರ್ಚೆ ತಪ್ಪಿದ್ದಲ್ಲ: ಪುಟ್ಟ ಕಾಲೇಜೋ, ಹತ್ತಾರು ಸಾವಿರ ವಿದ್ಯಾರ್ಥಿಗಳ ಸಂಶೋಧನಾ ವಿಶ್ವವಿದ್ಯಾಲಯವೋ? ಪುಟ್ಟದರ ಪರ ವಾದಿಸುವವರ ಮಾತಿನಲ್ಲೂ ಹುರುಳಿದೆ. ದೊಡ್ಡ ಕಡೆ ಮೊದಲ ವರ್ಷದ ಕೆಮಿಸ್ಟ್ರಿ ಕ್ಲಾಸಿನಲ್ಲಿ ನೂರಾರು ಜನ. ಪ್ರೊಫೆಸರಿಗೆ ಯಾರ ಹೆಸರೂ ಗೊತ್ತಿರುವುದಿಲ್ಲ. ಆದರೂ ನನ್ನ ಓಟು ದೊಡ್ಡದಕ್ಕೇ.

ನಮ್ಮ ಕಡೆಯ ಪದ್ಧತಿಯಲ್ಲಿ ಓದಿ ಬಂದವರಿಗೆ ಕಾರಣ ಬೇಗ ಹೊಳೆಯುತ್ತದೆ. 1857ರಲ್ಲಿ ಕಲ್ಕತ್ತ, ಬಾಂಬೆ, ಮದ್ರಾಸ್ ವಿಶ್ವವಿದ್ಯಾಲಯಗಳು ಹುಟ್ಟಿದ್ದು ಲಂಡನ್ ಮಾದರಿಯಲ್ಲಿ. ಪಾಠ ಕಾಲೇಜಿನದು, ಪರೀಕ್ಷೆ ಮತ್ತು ಪದವಿ ವಿಶ್ವವಿದ್ಯಾಲಯದ್ದು. 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಶುರುವಾದಾಗಲೂ ಅದೇ ಅಚ್ಚು. ಸಂಶೋಧನೆ ಮಾತ್ರ ಬೇರೆ ಕಾಂಪೌಂಡಿನೊಳಗೆ. 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆ ಪಿಯುಸಿ ಮುಗಿಸಿದವರಿಗೆ ನಾಲ್ಕು ವರ್ಷದ ವಿಜ್ಞಾನ ಪದವಿ ಶುರುಮಾಡಿದ್ದು 2011ರಲ್ಲಿ!

ಹಾಗಾಗಿ ನಮ್ಮಲ್ಲಿ ಸಿಲಬಸ್ ಎಲ್ಲಿಂದಲೋ ಬರುತ್ತದೆ, ಪ್ರಶ್ನೆಪತ್ರಿಕೆ ಇನ್ನೆಲ್ಲಿಂದಲೋ. ‘ಇದು ಸಿಲಬಸ್‌ನಲ್ಲಿಲ್ಲ’ ಎಂದರೆ ಪ್ರಶ್ನೆ ಅಲ್ಲಿಗೆ ಮುಗಿಯಿತು. ಮೇಷ್ಟ್ರ ತಪ್ಪೇನಿಲ್ಲ, ಅವರ ಕೈಯೂ ಕಟ್ಟಿದೆ. ಇಲ್ಲಿ ಅಮೆರಿಕದ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವವರೇ ಏನು ಓದಬೇಕೆಂದು ಗೊತ್ತುಮಾಡಿ ಪರೀಕ್ಷೆಯನ್ನೂ ಇಡುತ್ತಾರೆ. ಬೆಳಿಗ್ಗೆ ಬ್ಯಾಕ್ಟೀರಿಯಾ ಬಗ್ಗೆ ಪಾಠ ಮಾಡಿದವರು ಮಧ್ಯಾಹ್ನ ಲ್ಯಾಬಿನಲ್ಲಿ ಅದೇ ವಿಷಯದ ಬಿಡಿಸಲಾಗದ ಗಂಟಿನ ಜೊತೆ ಗುದ್ದಾಡುತ್ತಿರುತ್ತಾರೆ. ‘ಇದು ಇನ್ನೂ ಯಾರಿಗೂ ಗೊತ್ತಿಲ್ಲ’ ಎಂಬ ಮಾತನ್ನು ಹದಿನೆಂಟರ ವಯಸ್ಸಿನಲ್ಲಿ ಪ್ರೊಫೆಸರ್ ಬಾಯಿಂದಲೇ ಕೇಳುವುದಿದೆಯಲ್ಲ, ಅದನ್ನು ಯಾವ ಗೈಡೂ ಕೊಡುವುದಿಲ್ಲ.

ಆ ಲ್ಯಾಬಿಗೆ ಪದವಿ ವಿದ್ಯಾರ್ಥಿಯೂ ಹೋಗಬಹುದು. ಅಮೆರಿಕದ ಹೆಸರಾಂತ ತಾಂತ್ರಿಕ ವಿಶ್ವವಿದ್ಯಾಲಯ ಎಂಐಟಿ 1969ರಲ್ಲೇ ಇದಕ್ಕೊಂದು ಏರ್ಪಾಟು ಮಾಡಿತು. ಪದವಿಗೆ ಲೆಕ್ಕವಾಗುವ ಕ್ರೆಡಿಟ್ಟೋ ಸಂಬಳವೋ ಸಿಗುತ್ತದೆ. ಶುರುವಿನ ಕೆಲಸ ಗಾಜಿನ ಸಾಮಾನು ತೊಳೆಯುವುದೇ ಇರಬಹುದು. ಆದರೆ ವಾರದ ಲ್ಯಾಬ್ ಮೀಟಿಂಗಿನಲ್ಲಿ ಪಿಎಚ್‌ಡಿ ವಿದ್ಯಾರ್ಥಿಯ ತಿಂಗಳುಗಟ್ಟಲೆ ದುಡಿಮೆಯನ್ನು ಎಲ್ಲರೂ ಸೇರಿ ಜಾಲಾಡುವಾಗ ಮೂಲೆಯಲ್ಲಿ ಕೂತು ಕೇಳಿದರೂ ಸಾಕು. ಇಲಿನಾಯ್ ವಿಶ್ವವಿದ್ಯಾಲಯದ ಸೂಪರ್‌ಕಂಪ್ಯೂಟಿಂಗ್ ಕೇಂದ್ರದಲ್ಲಿ ಗಂಟೆ ಲೆಕ್ಕದ ಕೆಲಸಕ್ಕಿದ್ದ ಪದವಿ ವಿದ್ಯಾರ್ಥಿ ಮಾರ್ಕ್ ಆಂಡ್ರೀಸನ್, ಅಲ್ಲಿನ ಪ್ರೋಗ್ರಾಮರ್ ಎರಿಕ್ ಬೀನಾ ಜೊತೆ ಸೇರಿ ಬರೆದ ಮೊಸಾಯಿಕ್, ವೆಬ್ಬನ್ನು ಜನಸಾಮಾನ್ಯರಿಗೆ ಮುಟ್ಟಿಸಿದ ಬ್ರೌಸರ್, 1993ರಲ್ಲಿ ಹೊರಬಂತು. ಎಲ್ಲರಿಗೂ ಹಾಗಾಗುವುದಿಲ್ಲ, ಸರಿ. ಆದರೆ ಅಂಥ ಯಂತ್ರಗಳೂ ಜನರೂ ಇರುವ ಕಡೆ ಮಾತ್ರ ಹಾಗಾಗಬಹುದು.

ಪಾಠವನ್ನು ಟೀಚಿಂಗ್ ಅಸಿಸ್ಟೆಂಟುಗಳ, ಅಂದರೆ ಪಾಠಕ್ಕೆ ನೆರವಾಗುವ ಹಿರಿಯ ವಿದ್ಯಾರ್ಥಿಗಳ ಮೇಲೆ ಬಿಡುತ್ತಾರೆಂಬ ದೂರು ನನಗೆ ಅಷ್ಟು ದೊಡ್ಡದೆನಿಸಿಲ್ಲ. ನಾಲ್ಕೈದು ವರ್ಷದ ಹಿಂದೆ ಅದೇ ಲೆಕ್ಕಕ್ಕೆ ತಲೆ ಕೆರೆದುಕೊಂಡವರು ಎಷ್ಟೋ ಸಲ ಚೆನ್ನಾಗಿಯೇ ಹೇಳಿಕೊಡುತ್ತಾರೆ.

ನಮ್ಮ ಮಕ್ಕಳು ಎಡವುವುದು ಬೇರೆ ಕಡೆ. ದೊಡ್ಡವರಿಗೆ ತೊಂದರೆ ಕೊಡಬಾರದೆಂದು ಕಲಿತು ಬಂದವರು ಆಫೀಸ್ ಅವರ್ಸ್‌ಗೆ, ಅಂದರೆ ವಿದ್ಯಾರ್ಥಿಗಳು ಬಂದು ಮಾತಾಡಲೆಂದೇ ಪ್ರೊಫೆಸರ್ ಎತ್ತಿಟ್ಟ ಹೊತ್ತಿಗೆ, ಹೋಗುವುದೇ ಇಲ್ಲ. ಪ್ರೊಫೆಸರ್ ಒಬ್ಬರೇ ಕೂತಿರುತ್ತಾರೆ. ಭಾರತದಿಂದ ಬಂದವರಿಗಂತೂ ಹೀಗೆ ಪ್ರೊಫೆಸರರ ಪರಿಚಯ ಮಾಡಿಕೊಳ್ಳುವುದು ಇನ್ನೂ ಮುಖ್ಯ. ಅಮೆರಿಕ ಸರ್ಕಾರದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ (ಎನ್‌ಎಸ್‌ಎಫ್) ಹಣದಲ್ಲಿ ನಡೆಯುವ ಬೇಸಿಗೆ ಸಂಶೋಧನಾ ತರಬೇತಿ ಸಾಮಾನ್ಯವಾಗಿ ಅಮೆರಿಕದ ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ. ಎಫ್-1 ಎಂಬ ವಿದ್ಯಾರ್ಥಿ ವೀಸಾದವರು ತಮ್ಮ ಕ್ಯಾಂಪಸ್ಸಿನಲ್ಲೇ ಲ್ಯಾಬ್ ಹುಡುಕಿಕೊಳ್ಳಬೇಕು, ಅದೂ ಮೊದಲ ವರ್ಷದಲ್ಲೇ.