ಬೇಸಿಗೆ ಅರಮನೆಗೆ ಬೇಸಿಗೆ ರಜೆ

ಆಗಸ್ಟ್ ಬಂತೆಂದರೆ ಸ್ಪೇನಿನ ಪತ್ರಿಕೆಗಳಿಗೆ ಒಂದು ಫೋಟೋ ಗ್ಯಾರಂಟಿ. ಮಯೋರ್ಕಾ ದ್ವೀಪದಲ್ಲಿ ರಾಜಕುಟುಂಬದ ರಜಾ. ಇರಲಿ, ರಾಜರಿಗೂ ಸೆಕೆ ಆಗುತ್ತದೆ. ಅವರು ಇಳಿದುಕೊಳ್ಳುವುದು ಪಾಲ್ಮಾದ ಕಡಲಂಚಿನ ಮಾರಿವೆಂಟ್ ಅರಮನೆಯಲ್ಲಿ. 2017ರಿಂದ ಅದರ ತೋಟದ ಗೇಟು ಜನರಿಗೂ ತೆರೆದಿದೆ, ಅದೂ ಪುಕ್ಕಟೆ. ಎಂಥ ದೊಡ್ಡ ಮನಸ್ಸು!

ಜುಲೈ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಾತ್ರ ಬಂದ್. ಈಸ್ಟರ್ ಹೊತ್ತಿಗೂ ಬಂದ್. ಅಲ್ಲಿ ಬೇಸಿಗೆ ಅಂದರೆ ಇದೇ ಜುಲೈ, ಆಗಸ್ಟ್. ಪ್ರಜೆಗಳೇ, ಜನವರಿಯ ಚಳಿಗಾಳಿಗೆ ಸ್ವೆಟರ್ ಹಾಕಿಕೊಂಡು ಬನ್ನಿ, ಬೇಸಿಗೆ ಅರಮನೆಯ ತೋಟ ನಿಮ್ಮದೇ!

ತೋಟದ ಒಳಗೆ ಸ್ಪೇನಿನ ಹೆಸರಾಂತ ಕಲಾವಿದ ಜೊವಾನ್ ಮಿರೋನ ಕಂಚಿನ ಶಿಲ್ಪಗಳಿವೆ. ಕಲಾವಿದನ ಕುಟುಂಬದವರು ಎರವಲು ಕೊಟ್ಟದ್ದು. ಅರಮನೆಗೆ ಸ್ವಂತದ್ದು ಏನೂ ಇರಲಿಲ್ಲವಾ? ಇತ್ತು ಸ್ವಾಮಿ, ಬೇಕಾದಷ್ಟಿತ್ತು.

ಆ ಮನೆ ಕಟ್ಟಿಸಿದ್ದು ಯಾವ ರಾಜನೂ ಅಲ್ಲ. 1920ರ ದಶಕದಲ್ಲಿ ಸಾರಿದಾಕಿಸ್ ಎಂಬ ಗ್ರೀಕ್ ಮೂಲದ ಚಿತ್ರಕಾರ ಕಟ್ಟಿಸಿದ. ಅವನು ತೀರಿಕೊಂಡ ಮೇಲೆ ಹೆಂಡತಿ ಮನೆ, ಚಿತ್ರ, ಪುಸ್ತಕ, ಮೇಜು, ಕುರ್ಚಿ ಎಲ್ಲವನ್ನೂ ಅಲ್ಲಿನ ಆಡಳಿತಕ್ಕೆ ದಾನ ಮಾಡಿದಳು. ಮ್ಯೂಸಿಯಂ ಆಗಬೇಕು, ಜನ ಬಂದು ನೋಡಬೇಕು ಅಂತ ಷರತ್ತು. ಆಡಳಿತದವರು ಹೂಂ ಅಂದರು. 1973ರಲ್ಲಿ ಅದನ್ನೇ ಆಗಿನ ಯುವರಾಜ ಹುವಾನ್ ಕಾರ್ಲೋಸ್‌ಗೆ ಬೇಸಿಗೆ ಕಳೆಯಲು ಒಪ್ಪಿಸಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ, ಅಲ್ವಾ? ದಾನ ಕೊಟ್ಟವಳ ವಾರಸುದಾರ ಷರತ್ತು ಮುರಿದರು ಅಂತ ಕೋರ್ಟಿಗೆ ಹೋದ, ಗೆದ್ದ. ಚಿತ್ರ, ಕುರ್ಚಿ, ಮೇಜು ಎಲ್ಲ ವಾಪಸ್ ಸಾಗಿಸಿದ. ಗೋಡೆ ಹೊರಲಾಗದ್ದಕ್ಕೋ ಏನೋ, ಅರಮನೆ ಉಳಿಯಿತು.

ನಿರ್ವಹಣೆಯ ಖರ್ಚು ಇವತ್ತಿಗೂ ಮಯೋರ್ಕಾ ಸೇರಿದ ಬಲೆಯಾರಿಕ್ ದ್ವೀಪಗಳ ಪ್ರಾದೇಶಿಕ ಸರ್ಕಾರದ್ದು. ಅಂದರೆ ತೆರಿಗೆ ಕಟ್ಟುವವರದ್ದು. ನಗಿಸೋಣ ಅಂತ ಕೂತರೆ ಸಿಟ್ಟೇ ಬರುತ್ತದೆ. ಒಬ್ಬ ಹೆಂಗಸು ಇಡೀ ಮನೆಯನ್ನು ಊರಿಗೆ ಬಿಟ್ಟುಕೊಟ್ಟಳು. ಊರಿಗೆ ಸಿಕ್ಕಿದ್ದು ಅಂಗಳ. ಅದೂ 44 ವರ್ಷ ಕಾದ ಮೇಲೆ, ಅದೂ ದೊಡ್ಡವರು ಇಲ್ಲದಾಗ. ಮನೆಯ ಹೊಸ್ತಿಲು ದಾಟಲು ಈಗಲೂ ಬಿಡುವುದಿಲ್ಲ. ಇಷ್ಟಕ್ಕೆ ಥ್ಯಾಂಕ್ಸ್ ಬೇರೆ ಹೇಳಬೇಕಂತೆ. ಯಾಕೆ ಹೇಳಬೇಕು?

ಅಂದು ಆ ಮನೆ ಪಡೆದ, ಆಮೇಲೆ ರಾಜನೂ ಆಗಿದ್ದ ಹುವಾನ್ ಕಾರ್ಲೋಸ್ 2020ರಲ್ಲಿ ಅಬುಧಾಬಿಗೆ ಹೋಗಿ ನೆಲೆಸಿದರು. ಅಲ್ಲಿ ವರ್ಷವಿಡೀ ಬೇಸಿಗೆ. ಸದ್ಯ, ಅದಕ್ಕೆಂದು ಬೇರೆ ಅರಮನೆ ಹುಡುಕುವ ಕಷ್ಟವಿಲ್ಲ.