ನಗರದ ನಡುವಿನ ದುಬಾರಿ ಖಾಸಗಿ ವಿಶ್ವವಿದ್ಯಾಲಯ: ಅಷ್ಟು ದುಡ್ಡು ಸುರಿಯಬೇಕಾ?

ಅಮೆರಿಕದ ನ್ಯೂಯಾರ್ಕ್, ಬಾಸ್ಟನ್, ಲಾಸ್ ಏಂಜಲೀಸ್‌ನಂಥ ಊರುಗಳ ಹೆಸರಾಂತ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಡಿಗ್ರಿ ಓದಲು ಈಗ ಫೀಸು, ರೂಮು, ಊಟ ಎಲ್ಲ ಸೇರಿ ವರ್ಷಕ್ಕೆ 90 ಸಾವಿರ ಡಾಲರ್ ಆಸುಪಾಸು. ನಾಲ್ಕು ವರ್ಷಕ್ಕೆ ಮೂರೂವರೆ ಲಕ್ಷ ದಾಟುತ್ತದೆ. ಸೀಟು ಸಿಕ್ಕ ಮನೆಗಳಲ್ಲಿ ಖುಷಿ ಒಂದು ದಿನ, ಲೆಕ್ಕಾಚಾರ ಒಂದು ತಿಂಗಳು. ಎರಡೂ ಕಡೆಯ ವಾದ ಇಲ್ಲಿದೆ.

ಪರ: ಊರೇ ಅರ್ಧ ಪಾಠ ಕಲಿಸುತ್ತದೆ

ಮೊದಲು ಆ 90 ಸಾವಿರದ ವಿಷಯ ಮುಗಿಸಿಬಿಡೋಣ. ಅದು ವೆಬ್‌ಸೈಟಿನಲ್ಲಿ ಹಾಕಿರುವ ಬೆಲೆ. ಎಲ್ಲರೂ ಅಷ್ಟು ಕಟ್ಟುವುದಿಲ್ಲ. ಅಮೆರಿಕದ ಖಾಸಗಿ ಕಾಲೇಜುಗಳು ಹೊಸದಾಗಿ ಸೇರುವವರಿಗೆ ಟ್ಯೂಷನ್ ಫೀಸಿನಲ್ಲಿ (ಅಂದರೆ ರೂಮು, ಊಟ ಬಿಟ್ಟು ಬರೀ ಓದಿನ ಶುಲ್ಕದಲ್ಲಿ) ಸರಾಸರಿ ಅರ್ಧಕ್ಕಿಂತ ಜಾಸ್ತಿ ಬಿಡುತ್ತವೆ. ನ್ಯೂಯಾರ್ಕ್ ಯೂನಿವರ್ಸಿಟಿ, ಅಂದರೆ ಎನ್‌ವೈಯು, 2025ರಿಂದ ಸೇರುವ ಅಮೆರಿಕದ ವಿದ್ಯಾರ್ಥಿಗಳ ವಿಷಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಮನೆಯ ಆದಾಯ ವರ್ಷಕ್ಕೆ 1 ಲಕ್ಷ ಡಾಲರ್‌ಗಿಂತ ಕಡಿಮೆಯಿದ್ದು, ಆಸ್ತಿಯೂ ಮಾಮೂಲಿನಷ್ಟೇ ಇದ್ದರೆ ಟ್ಯೂಷನ್ ಫೀಸೇ ಇಲ್ಲ. ನಿಮ್ಮ ಮನೆಗೆ ಎಷ್ಟು ಬೀಳಬಹುದು ಎಂದು ಅಂದಾಜು ತೋರಿಸುವ ಕ್ಯಾಲ್ಕುಲೇಟರ್ ಹೆಚ್ಚುಕಡಿಮೆ ಪ್ರತಿ ಕಾಲೇಜಿನ ವೆಬ್‌ಸೈಟಿನಲ್ಲೂ ಇರಬೇಕು, 2011ರಿಂದ ಅದು ಕಾನೂನು. ಅದರಲ್ಲಿ ಆದಾಯ ತುಂಬಿಸಿ ನೋಡದೆಯೇ "ನಮಗೆಲ್ಲ ಇದು ಆಗಲ್ಲ" ಅನ್ನುವುದು ಅವಸರದ ಮಾತು.

ಇನ್ನು ಊರಿನ ವಿಷಯ. ಮೈಲಿಗಟ್ಟಲೆ ಹೊಲಗಳ ನಡುವೆ ಇರುವ ಕಾಲೇಜಿನ ಹುಡುಗಿಗೆ ಇಂಟರ್ನ್‌ಶಿಪ್ ಅಂದರೆ ಬೇಸಿಗೆ ರಜೆ, ಅಷ್ಟೇ. ಅದಕ್ಕೂ ಇನ್ನೊಂದು ಊರಲ್ಲಿ ಎರಡು ತಿಂಗಳಿಗೆ ರೂಮು ಹುಡುಕಬೇಕು. ಮ್ಯಾನ್‌ಹಟನ್ ನಡುವೆ ಓದುವವಳು ಟೈಮ್‌ಟೇಬಲ್‌ನಲ್ಲಿ ಮಂಗಳವಾರ, ಗುರುವಾರ ಮಧ್ಯಾಹ್ನ ಖಾಲಿ ಇಟ್ಟುಕೊಂಡರೆ ಸಾಕು. ಕ್ಲಾಸ್ ಮುಗಿಸಿ ಸಬ್‌ವೇ ಹತ್ತಿ ನಾಲ್ಕೈದು ಸ್ಟೇಷನ್ ದಾಟಿದರೆ ಆಫೀಸು. ಒಂದು ಸೆಮಿಸ್ಟರ್ ಪ್ರಕಾಶನ ಸಂಸ್ಥೆ, ಇನ್ನೊಂದು ಸೆಮಿಸ್ಟರ್ ಜಾಹೀರಾತು ಕಂಪನಿ. ಡಿಗ್ರಿ ಮುಗಿಯುವ ಹೊತ್ತಿಗೆ ಯಾವ ಕೆಲಸ ತನಗೆ ಒಗ್ಗುವುದಿಲ್ಲ ಅನ್ನುವುದಾದರೂ ಗೊತ್ತಿರುತ್ತದೆ. ಮೂವತ್ತು ದಾಟಿದ ಮೇಲೆ ಅದು ತಿಳಿಯುವುದಕ್ಕಿಂತ ಇದು ಅಗ್ಗ.

ಬಾಸ್ಟನ್‌ನ ನಾರ್ತ್‌ಈಸ್ಟರ್ನ್ ಯೂನಿವರ್ಸಿಟಿ ಇದನ್ನೇ ಪದ್ಧತಿ ಮಾಡಿಕೊಂಡಿದೆ. ಅಲ್ಲಿ ಕೋ-ಆಪ್ ಶುರುವಾಗಿದ್ದು 1909ರಲ್ಲಿ. ಓದಿನ ನಡುವೆಯೇ ಸುಮಾರು ಆರು ತಿಂಗಳು ಪೂರ್ತಿ ಕೆಲಸ, ಬಹುಪಾಲು ಸಂಬಳದ ಕೆಲಸವೇ. ಆ ಅವಧಿಗೆ ಸಾಮಾನ್ಯವಾಗಿ ಟ್ಯೂಷನ್ ಕಟ್ಟಬೇಕಿಲ್ಲ. ಲಾಸ್ ಏಂಜಲೀಸ್‌ನ ಯೂನಿವರ್ಸಿಟಿ ಆಫ್ ಸದರ್ನ್ ಕ್ಯಾಲಿಫೋರ್ನಿಯಾ, ಅಂದರೆ ಯುಎಸ್‌ಸಿಯ ಸಿನಿಮಾ ಶಾಲೆಯೂ ಅಷ್ಟೇ. ಆಸ್ಕರ್ ಕೊಡುವ ಅಕಾಡೆಮಿ ಜೊತೆ ಸೇರಿ 1929ರಲ್ಲಿ ಶುರುವಾದ ಶಾಲೆ ಅದು. ಉದ್ಯಮ ಪಕ್ಕದಲ್ಲೇ ಇದೆ. ಹಳೆ ವಿದ್ಯಾರ್ಥಿಗಳೂ ಅಲ್ಲೇ ಕೆಲಸಕ್ಕಿದ್ದಾರೆ. ಅವರಲ್ಲಿ ಒಬ್ಬರು ಫೋನ್ ಎತ್ತಿದರೂ ಸಾಕಾಗುವ ದಿನಗಳಿರುತ್ತವೆ. ಸಿನಿಮಾ, ಪತ್ರಿಕೋದ್ಯಮ, ಹಣಕಾಸು, ಫ್ಯಾಷನ್ ಓದುವವರಿಗೆ ಇದು ಸಣ್ಣ ಲಾಭವಲ್ಲ.

ವಿರೋಧ: ಊರು ಎಲ್ಲರದ್ದು, ಸಾಲ ನಿಮ್ಮದು

ಮೇಲಿನ ವಾದ ಚೆನ್ನಾಗಿದೆ. ಆದರೆ ಅದು ಹೊಗಳಿದ್ದರಲ್ಲಿ ಹೆಚ್ಚಿನದು ಊರನ್ನು, ಕಾಲೇಜನ್ನಲ್ಲ. ಊರಿಗೆ ಯಾರೂ ಟ್ಯೂಷನ್ ಕಟ್ಟಬೇಕಿಲ್ಲ ಅಲ್ವಾ? ಎನ್‌ವೈಯು ಇರುವ ವಾಷಿಂಗ್ಟನ್ ಸ್ಕ್ವೇರ್‌ನಿಂದ ನಡೆದೇ ಹೋಗುವಷ್ಟು ದೂರದಲ್ಲಿ ಬರೂಕ್ ಕಾಲೇಜಿದೆ. ಅದು ನಗರದ ಸಾರ್ವಜನಿಕ ವಿಶ್ವವಿದ್ಯಾಲಯ ಕ್ಯೂನಿಗೆ ಸೇರಿದ್ದು. ನ್ಯೂಯಾರ್ಕ್ ರಾಜ್ಯದವರಿಗೆ ಅಲ್ಲಿನ ಟ್ಯೂಷನ್ ವರ್ಷಕ್ಕೆ 6,930 ಡಾಲರ್. ಅದೇ ಸಬ್‌ವೇ, ಅದೇ ಆಫೀಸುಗಳು, ಅದೇ ಮಂಗಳವಾರದ ಮಧ್ಯಾಹ್ನ.

ಹೆಸರಿನಿಂದ ಸಂಬಳ ಜಾಸ್ತಿ ಆಗುತ್ತದೆ ಎನ್ನುತ್ತೀರಾ? ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ ಎಂಬ ಅರ್ಥಶಾಸ್ತ್ರಜ್ಞರು 2002ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನಪಿಡಬೇಕಾದದ್ದು. ಒಂದೇ ಮಟ್ಟದ ಕಾಲೇಜುಗಳಲ್ಲಿ ಸೀಟು ಸಿಕ್ಕ ವಿದ್ಯಾರ್ಥಿಗಳನ್ನು ಅವರು ಹೋಲಿಸಿದರು. ಪ್ರವೇಶ ಹೆಚ್ಚು ಕಠಿಣವಾದ ಕಾಲೇಜಿಗೆ ಹೋದವರಿಗೂ, ಅದನ್ನು ಬಿಟ್ಟು ಬೇರೆ ಕಡೆ ಹೋದವರಿಗೂ ಮುಂದಿನ ಗಳಿಕೆಯಲ್ಲಿ ಒಟ್ಟಾರೆ ಅಂಥ ವ್ಯತ್ಯಾಸ ಕಾಣಲಿಲ್ಲ. ಗಳಿಸುವ ಕಸುವು ಹುಡುಗರಲ್ಲೇ ಇತ್ತು. ಬಡ ಮನೆಯಿಂದ ಬಂದವರಿಗೆ ಮಾತ್ರ ಲಾಭ ಕಂಡಿತು. ಹಾಗಾಗಿ ಪೂರ್ತಿ ಸಹಾಯಧನ ಸಿಕ್ಕ ಬಡ ಮನೆಯ ಮಕ್ಕಳಿಗೆ ನಾನು ಬೇಡ ಅನ್ನಲಾರೆ. ಖಂಡಿತ ಹೋಗಲಿ. ನನ್ನ ತಕರಾರು ಮಧ್ಯಮ ವರ್ಗದವರ ಬಗ್ಗೆ. ಸಹಾಯಧನ ಅರ್ಧಂಬರ್ಧ ಸಿಕ್ಕಿ, ಉಳಿದದ್ದಕ್ಕೆ ಸಾಲ ಮಾಡುವವರು ಅವರೇ.

ಅಂಥ ಮನೆಗೆ ಕಾಲೇಜಿನಿಂದ ಬರುವ ಪತ್ರ ಹೇಗಿರುತ್ತದೆ, ಒಂದು ಕಾಲ್ಪನಿಕ ಲೆಕ್ಕ ನೋಡಿ. ಒಟ್ಟು ಖರ್ಚು 92,000 ಡಾಲರ್. ಸ್ಕಾಲರ್‌ಶಿಪ್ 28,000. ಅದರ ಕೆಳಗೆ ವಿದ್ಯಾರ್ಥಿ ಸಾಲ 5,500, ಕ್ಯಾಂಪಸ್ ಕೆಲಸದಿಂದ 3,000, ಅಪ್ಪ-ಅಮ್ಮನ ಹೆಸರಲ್ಲಿ ಸರ್ಕಾರ ಕೊಡುವ ಪೇರೆಂಟ್ ಪ್ಲಸ್ ಸಾಲ 20,000. ಎಲ್ಲಕ್ಕೂ ಸೇರಿಸಿ ಮೇಲೆ ಒಂದೇ ತಲೆಬರಹ, "ನೆರವು". ಇದರಲ್ಲಿ ನಿಜವಾದ ನೆರವು 28,000 ಮಾತ್ರ. 3,000 ದುಡಿದು ಗಳಿಸಬೇಕಾದದ್ದು, 25,500 ತೀರಿಸಬೇಕಾದದ್ದು. ಇಷ್ಟೆಲ್ಲ ಕಳೆದರೂ 35,500 ಬಾಕಿ. ಅದು ಕೈಯಿಂದ ಹಾಕಬೇಕು, ಇಲ್ಲಾ ಖಾಸಗಿ ಸಾಲ. ಇದು ಒಂದು ವರ್ಷದ್ದು.

ಪೇರೆಂಟ್ ಪ್ಲಸ್ ಬಡ್ಡಿ ಇತ್ತೀಚೆಗೆ ಶೇ 9ರ ಸುತ್ತ ಇದೆ. ಮೊದಲು ಈ ಸಾಲಕ್ಕೆ ಗಟ್ಟಿ ಮಿತಿಯೇ ಇರಲಿಲ್ಲ, ಕಾಲೇಜು ಹೇಳಿದ ಖರ್ಚಿನಷ್ಟೂ ಎತ್ತಬಹುದಿತ್ತು. 2025ರ ಕಾನೂನು 2026ರ ಜುಲೈಯಿಂದ ಹೊಸ ಸಾಲಗಾರರಿಗೆ ಕಡಿವಾಣ ಹಾಕಿದೆ: ಒಂದು ಮಗುವಿಗೆ ವರ್ಷಕ್ಕೆ 20,000, ಒಟ್ಟು 65,000. ಆ 65,000ವನ್ನು ಹತ್ತು ವರ್ಷದಲ್ಲಿ ತೀರಿಸಲು ಶೇ 9ರಂತೆ ತಿಂಗಳಿಗೆ ಸುಮಾರು 820 ಡಾಲರ್ ಕಂತು. ಅದೂ ನಿವೃತ್ತಿಗೆ ದುಡ್ಡು ಕೂಡಿಡಬೇಕಾದ ವಯಸ್ಸಿನಲ್ಲಿ.

ಹೊರದೇಶದಿಂದ ಹೋಗುವವರಿಗೆ ಲೆಕ್ಕ ಇನ್ನೂ ಬಿಗಿ. ಅವರಿಗೆ ಅಮೆರಿಕ ಸರ್ಕಾರದ ಸಾಲ, ಸಹಾಯಧನ ಇಲ್ಲ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಮೊದಲ ವರ್ಷ ಕ್ಯಾಂಪಸ್ ಹೊರಗೆ ಕೆಲಸ ಮಾಡುವ ಹಾಗಿಲ್ಲ. ಆಮೇಲೂ ಸುಮ್ನೆ ಸಿಕ್ಕಿದ ಕಡೆ ಸೇರಿಕೊಳ್ಳಲು ಆಗದು. ಓದಿಗೆ ಸಂಬಂಧಪಟ್ಟಿರಬೇಕು, ಒಪ್ಪಿಗೆ ಬೇಕು. ಊರೇ ಪಾಠ ಅನ್ನುವ ವಾದದ ಜೀವ ಇರುವುದೇ ಆ ಕೆಲಸಗಳಲ್ಲಿ.

"ಉದ್ಯಮದವರೇ ಬಂದು ಪಾಠ ಮಾಡುತ್ತಾರೆ" ಅನ್ನುವುದು ಇಂಥ ಕಾಲೇಜುಗಳ ಕೈಪಿಡಿಯಲ್ಲಿ ಇದ್ದೇ ಇರುತ್ತದೆ. ಅದರ ಇನ್ನೊಂದು ಮುಖ ಅರೆಕಾಲಿಕ ಬೋಧಕರು. ನ್ಯೂಯಾರ್ಕ್‌ನ ದುಬಾರಿ ಖಾಸಗಿ ವಿಶ್ವವಿದ್ಯಾಲಯ ದಿ ನ್ಯೂ ಸ್ಕೂಲ್‌ನಲ್ಲಿ ಬೋಧಕರ ಪೈಕಿ ಬಹುಪಾಲು ಅಂಥವರೇ. ಸಂಬಳ ಸಾಲದೆಂದು 2022ರ ನವೆಂಬರ್‌ನಲ್ಲಿ ಅವರು ಮುಷ್ಕರ ಹೂಡಿದಾಗ ಸುಮಾರು ಮೂರು ವಾರ ಪಾಠವೇ ಅಸ್ತವ್ಯಸ್ತ. ಅಷ್ಟೊಂದು ಫೀಸು ಪಾಠ ಮಾಡುವವರ ಕೈ ಸೇರುತ್ತಿಲ್ಲವೆಂದರೆ ಎಲ್ಲಿಗೆ ಹೋಗುತ್ತಿದೆ ಎಂದು ಕೇಳುವ ಹಕ್ಕು ಕಟ್ಟುವವರಿಗಿದೆ.

ಇಷ್ಟಾದರೂ ಹೋಗಲೇಬೇಕು ಅನ್ನಿಸಿದರೆ, ಸ್ಕಾಲರ್‌ಶಿಪ್ ನಾಲ್ಕೂ ವರ್ಷ ಇರುತ್ತದಾ, ಎಷ್ಟು ಅಂಕ ಉಳಿಸಿಕೊಳ್ಳಬೇಕು, ಫೀಸು ಏರಿದಾಗ ಅದೂ ಏರುತ್ತದಾ ಅಂತ ಕೇಳಿ. ಉತ್ತರ ಬರಹದಲ್ಲೇ ತರಿಸಿಕೊಳ್ಳಿ. ಫೋನಿನಲ್ಲಿ ಎಲ್ಲರೂ ಸಿಹಿಯಾಗೇ ಮಾತಾಡುತ್ತಾರೆ.