ಬಿಯರ್ ಪೀಪಾಯಿಯಲ್ಲಿ ಬಂದ ಕಾಗದ

ಸ್ಕಾಟ್ಲೆಂಡಿನ ರಾಣಿ ಮೇರಿಯ ತಲೆ ಹೋಗಿದ್ದು ಇಂಗ್ಲೆಂಡಿನ ರಾಣಿ ಎಲಿಜಬೆತ್‌ಳ ಹೊಟ್ಟೆಕಿಚ್ಚಿನಿಂದ ಅಂತ ಹೇಳುವವರಿದ್ದಾರೆ. ಅದಕ್ಕಿಂತ ಬಿಯರ್ ಪೀಪಾಯಿಯ ಪಾಲೇ ಜಾಸ್ತಿ ಅಲ್ವಾ? 1586ರಲ್ಲಿ ಇಂಗ್ಲೆಂಡಿನ ಚಾರ್ಟ್ಲಿಯಲ್ಲಿ ಸೆರೆಯಲ್ಲಿದ್ದ ಮೇರಿಯ ಗುಟ್ಟಿನ ಕಾಗದಗಳು ಓಡಾಡುತ್ತಿದ್ದುದು ಪೀಪಾಯಿಯೊಳಗೆ. ಆ ದಾರಿ ಮಾಡಿಕೊಟ್ಟವನೇ ಎಲಿಜಬೆತ್‌ಳ ಬೇಹುಗಾರರ ದೊರೆ ವಾಲ್ಸಿಂಗ್‌ಹ್ಯಾಮ್! ಬಿಯರ್ ತರುವವನು ಎರಡೂ ಕಡೆ ಕಾಸು ಹೊಡೆದ. ಸಾಲದ್ದಕ್ಕೆ ಬಿಯರಿಗೂ ಜಾಸ್ತಿ ರೇಟು ಕೇಳಿದ. ಎಲಿಜಬೆತ್‌ಳನ್ನು ಮುಗಿಸುವ ಸಂಚನ್ನು ಮೇರಿಯ ಬೆಂಬಲಿಗ ಬಾಬಿಂಗ್ಟನ್ ಬರೆದು ಕಳಿಸಿದ, ಜುಲೈ 17ರಂದು ಮೇರಿ ಉತ್ತರ ಬರೆಸಿದಳು. ಆ ಉತ್ತರದ ಗುಪ್ತ ಸಂಕೇತ ಬಿಡಿಸಿದ, ವಾಲ್ಸಿಂಗ್‌ಹ್ಯಾಮ್ ಕಡೆಯ ಫಿಲಿಪ್ಸ್ ಅದರ ಜೊತೆ ಪುಟ್ಟದೊಂದು ನೇಣುಗಂಬ ಗೀಚಿದನಂತೆ. ಆಮೇಲೆ ಮೇರಿಯೇ ಬರೆಸಿದಂತೆ ಸಂಚುಗಾರರ ಹೆಸರು ಕೇಳುವ ಸಾಲುಗಳನ್ನು ಆ ಕಾಗದಕ್ಕೆ ತಾನೇ ಸೇರಿಸಿದ. ಅದು ನನಗೆ ಶುದ್ಧ ಮೋಸ ಅನ್ನಿಸುತ್ತದೆ. ಆ ಉತ್ತರವೇ ಮುಳುವಾಗಿ ಮೇರಿಯ ತಲೆ ಹೋದಾಗ ಅವಳ ಮಗ ಜೇಮ್ಸ್ ಒಂದಿಷ್ಟು ಕೂಗಾಡಿ ಸುಮ್ಮನಾದ. 1603ರಲ್ಲಿ ಎಲಿಜಬೆತ್‌ಳ ಸಿಂಹಾಸನ ಅವನಿಗೇ ಬಂತು.